ದಾರಿಗೆ ತಕ್ಕ ಗಾಡಿ

ಮಳೆಗಾಲ ಮುಗಿಯಿತೆಂದರೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೆಲಸವೋ ಕೆಲಸ. ಮಳೆನೀರಿಗೆ ಮರದ ಬುಡದ ಮಣ್ಣು ಕೊಚ್ಚಿಹೋಗಿರುತ್ತದೆ. ಗುಡ್ಡದ ಬದಿಯಿಂದ ಹೊಸ ಮಣ್ಣು ತಂದು ಹಾಕಬೇಕು. ಹಟ್ಟಿಯಿಂದ ಗೊಬ್ಬರ ಒಯ್ಯಬೇಕು. ಕುಸಿದ ಅಂಚಿಗೆ ಮುರಕಲ್ಲು ಕಟ್ಟಬೇಕು. ಲಾರಿಯೇನೋ ಮನೆಯ ಅಂಗಳದವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಈ ಭಾರವನ್ನು ಸಾಗಿಸುವುದು ಹೇಗೆ?

ಅಡಿಕೆ ಗಿಡಗಳ ನಡುವೆ 2.7 ಮೀಟರ್, ಅಂದರೆ ಸುಮಾರು 9 ಅಡಿ, ಅಂತರವಿರಬೇಕೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಹೇಳುತ್ತದೆ. ಆದರೆ ಅಷ್ಟೂ ಜಾಗ ನಡೆಯಲು ಸಿಗುವುದಿಲ್ಲ. ನಡುವೆ ನೀರು ಹರಿಯುವ ಕಣಿ ಇರುತ್ತದೆ. ಬಾಳೆ, ಕೊಕ್ಕೋ ಗಿಡಗಳಿರುತ್ತವೆ. ಕಣಿ ದಾಟಲು ಕಿರಿದಾದ ಸಂಕವಿರುತ್ತದೆ. ದೊಡ್ಡ ಯಂತ್ರವನ್ನು ಇಲ್ಲಿ ನುಗ್ಗಿಸಿದರೆ ಅಂಚು ಕುಸಿಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಬುಡದ ಸುತ್ತಲಿನ ಬೇರುಗಳಿಗೂ ಪೆಟ್ಟಾಗುತ್ತದೆ.

ಬುಟ್ಟಿ ಎಲ್ಲಕ್ಕಿಂತ ಹಳೆಯ ಸಾಧನ. ಮನುಷ್ಯ ಹೋಗುವಲ್ಲೆಲ್ಲ ಬುಟ್ಟಿಯೂ ಹೋಗುತ್ತದೆ. ಮೆಟ್ಟಿಲನ್ನೂ ಏರುತ್ತದೆ. ಆದರೆ ಪೂರ್ತಿ ಭಾರ ಹೊರುವವರ ತಲೆ, ಕುತ್ತಿಗೆ, ಬೆನ್ನಿನ ಮೇಲೆಯೇ ಬೀಳುತ್ತದೆ.

ಭಾರವನ್ನು ಹಂಚಿಕೊಳ್ಳಲು ಒಂದು ಚಕ್ರ ಸಾಕು! ಒಂಟಿಚಕ್ರದ ತಳ್ಳುಗಾಡಿಯನ್ನು ಚೀನಾ ದೇಶದ ಜನರು ಸುಮಾರು 2,000 ವರ್ಷಗಳ ಹಿಂದೆಯೇ ಬಳಸುತ್ತಿದ್ದರು. ಇದು ಕೆಲಸ ಮಾಡುವ ಬಗೆಯನ್ನು ನೋಡೋಣ. ಗಾಡಿಯಲ್ಲಿ 60 ಕಿಲೋ ಮಣ್ಣು ಇದೆ ಎಂದುಕೊಳ್ಳಿ. ಮಣ್ಣಿನ ಭಾರ ಚಕ್ರದ ಅಚ್ಚಿನಿಂದ 50 ಸೆಂಟಿಮೀಟರ್ ದೂರದಲ್ಲಿದೆ. ಹಿಡಿಕೆ 150 ಸೆಂಟಿಮೀಟರ್ ದೂರದಲ್ಲಿದೆ. ಆಗ ಮಣ್ಣಿನ ಭಾರದಲ್ಲಿ ಕೈಗಳು ಎತ್ತಬೇಕಾದುದು 20 ಕಿಲೋ ಮಾತ್ರ. ಉಳಿದ 40 ಕಿಲೋವನ್ನು ಚಕ್ರವೇ ಹೊರುತ್ತದೆ. ಆದುದರಿಂದ ಮಣ್ಣನ್ನು ಚಕ್ರದ ಕಡೆಗೆ ಹೆಚ್ಚು ತುಂಬಬೇಕು. ಒಂದು ಹಲಗೆ ಹಾಸಿದರೂ ಸಾಕು, ಈ ಗಾಡಿ ಕಣಿಯನ್ನು ದಾಟುತ್ತದೆ. ಆದರೆ ಅದು ವಾಲದಂತೆ ನಾವೇ ಹಿಡಿದುಕೊಳ್ಳಬೇಕು.

ಎರಡು ಚಕ್ರದ ಗಾಡಿ ಸುಲಭವಾಗಿ ವಾಲುವುದಿಲ್ಲ. ಆದರೆ ಅದಕ್ಕೆ ಅಗಲವಾದ, ಸಮತಟ್ಟಾದ ದಾರಿ ಬೇಕು. ಎಂಜಿನ್ ಅಥವಾ ಬ್ಯಾಟರಿಯಿಂದ ಓಡುವ ಪುಟ್ಟ ಗಾಡಿಗಳೂ ಈಗ ತೋಟಗಳಿಗೆ ಬಂದಿವೆ. ಏರುದಾರಿಯಲ್ಲಿ ಅವು ಬಹಳ ಉಪಕಾರಿ. ಆದರೆ ಅವುಗಳಿಗೆ ಬೆಲೆ ಹೆಚ್ಚು. ಇಳಿಜಾರಿನಲ್ಲಿ ಬ್ರೇಕ್ ಸರಿಯಿಲ್ಲದಿದ್ದರೆ ಅಪಾಯ.

ತೋಟಕ್ಕಿಂತಲೂ ಇಕ್ಕಟ್ಟಾದ ಜಾಗವೊಂದು ನಮ್ಮ ಜಿಲ್ಲೆಯಲ್ಲಿದೆ. ಅದೇ ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಮೊದಲಾದ ಕಡೆ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ಪಡೆಯುತ್ತಾರೆ. ಸುರಂಗದ ಅಗಲ ಒಬ್ಬ ಮನುಷ್ಯ ಹೋಗುವಷ್ಟು ಮಾತ್ರ. ಒಳಗೆ ಗಾಡಿಯನ್ನು ತಿರುಗಿಸಲು ಜಾಗವೆಲ್ಲಿ? ಅಲ್ಲಿ ಬುಟ್ಟಿಯೇ ಅನುಕೂಲ. ನಮ್ಮ ನೆರೆಯ ದಕ್ಷಿಣ ಕನ್ನಡ ಜಿಲ್ಲೆಯ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು, ನೀರು ತಂದು, ಬೋಳುಗುಡ್ಡದಲ್ಲಿ ತೋಟ ಬೆಳೆಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಸುರಂಗದಲ್ಲಿ ಅಗೆಯುವುದು ಅರ್ಧ ಕೆಲಸ. ಅಗೆದ ಮಣ್ಣನ್ನು ಹೊರಗೆ ತರುವುದು ಇನ್ನರ್ಧ.

ಹಾಗಾದರೆ ಸಾಧನವನ್ನು ಆರಿಸುವುದು ಹೇಗೆ? ಮೊದಲು ದಾರಿಯನ್ನು ನೋಡಬೇಕು. ಅದರ ಅತ್ಯಂತ ಕಿರಿದಾದ ಜಾಗವನ್ನು ಅಳೆಯಬೇಕು. ನೂರು ಅಡಿ ದಾರಿ ಅಗಲವಾಗಿದ್ದು ಒಂದು ತಿರುವು ಮಾತ್ರ ಕಿರಿದಾಗಿದ್ದರೂ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಹಿಡಿಕೆ ಹಿಡಿದವರ ಮೊಣಕೈ ತಾಗದಂತೆ ಎರಡೂ ಬದಿ ಸ್ವಲ್ಪ ಜಾಗವಿರಬೇಕು. ಅನಂತರ ಏರು, ತಗ್ಗು, ಕೆಸರು ಇವೆಯೇ ಎಂದು ನೋಡಬೇಕು. ಆಮೇಲೆ ಭಾರವೆಷ್ಟು, ಎಷ್ಟು ಸಲ ಒಯ್ಯಬೇಕು ಎಂದು ಲೆಕ್ಕ ಹಾಕಬೇಕು. ಕೊನೆಯದಾಗಿ ಆದರೆ ಮುಖ್ಯವಾಗಿ, ಅದನ್ನು ಒಯ್ಯುವವರು ಯಾರು ಎಂದು ಯೋಚಿಸಬೇಕು. ಒಂದೇ ಸಲ ತುಂಬ ಹೇರಿ ಸೊಂಟ ನೋಯಿಸಿಕೊಳ್ಳುವುದಕ್ಕಿಂತ ಎರಡು ಸಲ ಹೋಗಿಬರುವುದು ಲೇಸು.

ಮಕ್ಕಳೇ, ನಿಮ್ಮ ಶಾಲೆಯ ಕೈತೋಟಕ್ಕೆ ಗೇಟಿನಿಂದ ಮಣ್ಣು ಒಯ್ಯಬೇಕಾಗಿದೆ ಎಂದುಕೊಳ್ಳಿ. ಅಳತೆಪಟ್ಟಿ ಹಿಡಿದು ಗೆಳೆಯರೊಂದಿಗೆ ಆ ದಾರಿಯಲ್ಲಿ ನಡೆಯಿರಿ. ಕಿರಿದಾದ ಜಾಗಗಳನ್ನು ಅಳೆದು ನಕ್ಷೆ ಬರೆಯಿರಿ. ಬುಟ್ಟಿ, ಒಂಟಿಚಕ್ರದ ಗಾಡಿ, ಎರಡು ಚಕ್ರದ ಗಾಡಿ – ಇವುಗಳಲ್ಲಿ ಯಾವುದನ್ನು ಆರಿಸುವಿರಿ? ಏಕೆ?