ಮರಿಯ ಮೈ ಒಣಗಿರಲಿ: ಜಮಖಂಡಿಯಿಂದ ಬೀಳಗಿಯವರೆಗೆ

ಜಮಖಂಡಿ ಸೀಮೆಯ ಎರೆಮಣ್ಣಿಗೆ ಒಂದು ಹದ ಮಳೆ ಬಿದ್ದರೆ ಸಾಕು, ಹಿತ್ತಲಲ್ಲಿ ಓಡಾಡುವ ಕೋಳಿಮರಿಗಳ ಕಾಲಿಗೆ ಮಣ್ಣು ಮೆತ್ತಿ, ಒಣಗಿ, ಗಟ್ಟಿಯಾಗುತ್ತದೆ. ಊರ ಹೊರಗಿನ ಒಂದು ಮನೆಯಲ್ಲಿ ಅವ್ವ ಒಬ್ಬರು ಅಂಥ ಮರಿಯನ್ನು ಅಂಗೈಯಲ್ಲಿ ಹಿಡಿದು, ಕಾಲನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ್ದರು. ಮಣ್ಣನ್ನು ಕಿತ್ತು ತೆಗೆಯಬಾರದೇ ಎಂದು ಕೇಳಿದೆ. ‘ಕಿತ್ತರ ಉಗುರೂ ಕಿತ್ತ ಬರ್ತಾವ್ರೀ. ನೆನೀಲಿ, ತಾನ ಬಿಡತೈತಿ’ ಎಂದರು. ಮಣ್ಣು ಕರಗಿತು, ಮೈಗೆ ನೀರು ತಾಗಲಿಲ್ಲ.

ಆ ಎಚ್ಚರ ಸುಮ್ಮನೆ ಬಂದದ್ದಲ್ಲ. ಎಳೆಯ ಮರಿ ಮೊದಲ ಎರಡು ವಾರ ತನ್ನ ಮೈಬಿಸಿಯನ್ನು ತಾನೇ ಸರಿಯಾಗಿ ಕಾಯ್ದುಕೊಳ್ಳಲಾರದು. ಅದರ ತುಪ್ಪಳ ಒಣಗಿದ್ದರೆ ಮಾತ್ರ ಬಿಸಿ ಹಿಡಿಯುತ್ತದೆ. ನೆನೆದರೆ ಚರ್ಮಕ್ಕೆ ಅಂಟಿ ಮೈಯನ್ನು ತಣಿಸುತ್ತದೆ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಬಹುದು. ಆದ್ದರಿಂದ ಮರಿಗೆ ಮೈತುಂಬ ಸ್ನಾನ ಮಾಡಿಸಲೇಬಾರದು. ಹೊಲಸಾದಷ್ಟೇ ಜಾಗ ತೊಳೆಯಬೇಕು, ಸಾಬೂನಿಲ್ಲದೆ. ಆಗಷ್ಟೇ ಮೊಟ್ಟೆ ಒಡೆದು ಬಂದ ಒದ್ದೆ ಮರಿಯನ್ನಂತೂ ಮುಟ್ಟುವುದೇ ಬೇಡ. ತಾಯಿಯ ರೆಕ್ಕೆಯಡಿ ಅದು ತಾನೇ ಒಣಗುತ್ತದೆ. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿ ಎರಡು ದಿನದ ಮಟ್ಟಿಗೆ ಅದನ್ನು ಸಾಕುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಒರೆಸಲು ಹಳೆಯ ಹತ್ತಿ ಬಟ್ಟೆಗೆ ಬರವಿಲ್ಲ. ಆದರೆ ಮಗ್ಗದಡಿ ಬೀಳುವ ನೂಲಿನ ಎಳೆಗಳನ್ನು ಮರಿಗಳಿಗೆ ಹಾಸಬಾರದು. ಎಳೆ ಬೆರಳಿಗೆ ಸುತ್ತಿ ಬಿಗಿದರೆ ರಕ್ತ ಹರಿಯದೆ ಬೆರಳೇ ಸಾಯುತ್ತದೆ. ಇಲ್ಲಿ ಕಂಡ ಇನ್ನೊಂದು ತೊಂದರೆ, ಹಿಂಭಾಗಕ್ಕೆ ಹಿಕ್ಕೆ ಅಂಟಿ ದ್ವಾರವೇ ಮುಚ್ಚಿಕೊಳ್ಳುವುದು. ಹಾಗೇ ಬಿಟ್ಟರೆ ಮರಿ ಉಳಿಯುವುದಿಲ್ಲ. ಬಿಸಿನೀರಲ್ಲದ, ಬೆಚ್ಚಗಿನ ನೀರಲ್ಲಿ ಅದ್ದಿದ ಅರಳೆಯನ್ನು ಅಲ್ಲಿ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಒರೆಸಬೇಕು. ಎಳೆದರೆ ಚರ್ಮ ಹರಿಯುತ್ತದೆ. ಹೊಟ್ಟೆಯ ಕಡೆಯಿರುವ ಹೊಕ್ಕುಳ ಒಣಗಿದ ಕಲೆಯಂತೆ ಕಂಡರೂ ಅದನ್ನು ಕೆರೆಯಬಾರದು. ಒರೆಸಿದ ಹಿಂಭಾಗವನ್ನು ಬಟ್ಟೆಯಿಂದ ತಿಕ್ಕದೆ ಒತ್ತಿ ಒಣಗಿಸಿ, ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ಮತ್ತೆ ಬೇಗ ಅಂಟುವುದಿಲ್ಲ.

ಮುಧೋಳದ ಕಡೆ ಘಟಪ್ರಭೆಯ ನೀರು, ಕಬ್ಬಿನ ಹಸಿರು. ಇಲ್ಲಿ ಕಬ್ಬಿನ ರವದಿ ಪುಕ್ಕಟೆ ಸಿಗುತ್ತದೆಂದು ಮರಿಗಳ ಕೆಳಗೆ ಹಾಸುವವರು ಅದು ಪೂರ್ತಿ ಒಣಗಿದೆಯೇ ಎಂದು ನೋಡಬೇಕು. ತೇವವಿದ್ದರೆ ಬೂಸ್ಟು ಹಿಡಿಯುತ್ತದೆ, ಬೂಸ್ಟು ಮರಿಗಳ ಶ್ವಾಸಕೋಶಕ್ಕೆ ಇಳಿಯುತ್ತದೆ. ಒದ್ದೆಯಾದ ಹಾಸನ್ನು ಅಂದೇ ತೆಗೆಯಬೇಕು. ನೀರಿನ ತಟ್ಟೆಯೊಳಗೆ ತೊಳೆದ ಹರಳುಕಲ್ಲು ತುಂಬಿಟ್ಟರೆ ಮರಿ ಕೊಕ್ಕಿನಿಂದ ಕುಡಿಯುತ್ತದೆ, ಒಳಗೆ ಬಿದ್ದು ನೆನೆಯುವುದಿಲ್ಲ. ತೊಳೆಯುವ ಕೆಲಸ ಅರ್ಧದಷ್ಟು ಕಡಿಮೆಯಾಗುವುದು ಇಲ್ಲೇ.

ಬೀಳಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ‘ಇಷ್ಟ ಬಿಸಲಾಗ ಬಲ್ಬ್ ಯಾಕ್ರೀ?’ ಎಂದು ಮರಿಗೆ ಕಾವು ಕೊಡುವ ಬಲ್ಬಿನ ಬಗ್ಗೆ ಒಬ್ಬರು ಕೇಳಿದರು. ಹಗಲಿಗೆ ಬೇಕಾಗದಿರಬಹುದು. ಆದರೆ ನೆನೆದ ಮರಿಗೆ ಗಾಳಿ ಬಡಿದರೆ ಬೇಸಿಗೆಯಲ್ಲೂ ಚಳಿಯೇ. ಹಾಗೆಂದು ಉರಿಬಿಸಿಲಿಗೆ ಒಡ್ಡಿದರೆ ಅದು ಬಾಯಿ ತೆರೆದು ಏದುತ್ತದೆ. ಗಾಳಿ ತಾಗದ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ಬಲ್ಬು ತೂಗಿಬಿಟ್ಟು, ಇನ್ನೊಂದು ಮೂಲೆ ತಂಪಾಗಿರಲು ಬಿಡಬೇಕು. ಮರಿಗಳು ಒತ್ತಿಕೊಂಡು ಗುಂಪಾದರೆ ಚಳಿ, ಬಲ್ಬಿನಿಂದ ದೂರ ಸರಿದರೆ ಸೆಕೆ. ತುಪ್ಪಳ ಬುಡದವರೆಗೆ ಬಿಡಿಬಿಡಿಯಾಗಿ ಉಬ್ಬಿದ ಮೇಲೆಯೇ ಜೊತೆಗಾರರ ನಡುವೆ ಬಿಡಬೇಕು. ಒದ್ದೆ ಮರಿಯನ್ನು ಉಳಿದವು ಕುಕ್ಕುತ್ತವೆ. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು, ಮಕ್ಕಳ ಕೈಯನ್ನೂ.

ಹಲವು ಮರಿಗಳಿಗೆ ಒಟ್ಟಿಗೇ ಬಿಳಿ ಭೇದಿಯಾದರೆ ಅದು ತೊಳೆದು ಹೋಗುವ ಕಾಯಿಲೆಯಲ್ಲ, ಕೂಡಲೇ ಪಶು ಆಸ್ಪತ್ರೆಗೆ ತೋರಿಸಬೇಕು. ಈ ಊರುಗಳಲ್ಲಿ ಹಿತ್ತಲ ಕೋಳಿಯ ದುಡ್ಡು ಬಹುಪಾಲು ಹೆಣ್ಣುಮಕ್ಕಳ ಕೈದುಡ್ಡು. ಸಾಯುವ ಪ್ರತಿ ಮರಿಯೂ ಅವರ ನಷ್ಟ. ಹಳ್ಳಿಗೆ ಬಂದು ಲಸಿಕೆ ಹಾಕುವ ದಿನವೇ ಪಶುವೈದ್ಯ ಸಿಬ್ಬಂದಿ ಒಂದು ಮರಿಯನ್ನು ಕೈಗೆತ್ತಿಕೊಂಡು ಒರೆಸಿ, ಒಣಗಿಸಿ ತೋರಿಸಲಿ. ಅದಕ್ಕೆ ಬೇಕಾದದ್ದು ಬೆಚ್ಚಗಿನ ನೀರು, ಚೂರು ಅರಳೆ, ಹಳೇ ಸೀರೆಯ ತುಂಡು ಮತ್ತು ಕಾವು ಕೊಡುವ ಒಂದು ಬಲ್ಬು. ಬಲ್ಬೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಎಲ್ಲರ ಮನೆಯಲ್ಲೂ ಇದೆ.