ನಾಲ್ಕು ಮನೆಯ ಚೌಕವೂ ನಮ್ಮ ತೆಂಗಿನ ಸಸಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ಒಂದು ಮನೆಯ ಸ್ಥಿತಿಗತಿಯನ್ನು ಅಟ್ಟದ ಮೇಲಿನ ಕೊಬ್ಬರಿಯೇ ಹೇಳುತ್ತದೆ. ಆದುದರಿಂದ ಸಸಿಯ ಆಯ್ಕೆಯಲ್ಲಿ ಆದ ತಪ್ಪು ಇಲ್ಲಿ ಸಣ್ಣ ತಪ್ಪಲ್ಲ. ನಮ್ಮ ಎತ್ತರದ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ತಪ್ಪು ತಿಳಿಯುವುದೂ ಅಷ್ಟೇ ತಡ.

ನಮ್ಮ ತಂದೆಯವರು ಹೀಗೊಮ್ಮೆ ತಪ್ಪಿದರು. ಹಿತ್ತಿಲಿನ ಸಂಕರ ಮರವೊಂದು ಗೊನೆ ತುಂಬ ಬಿಡುವುದನ್ನು ಕಂಡು ಅದರ ಕಾಯಿಗಳನ್ನೇ ಮೊಳೆ ಬರಿಸಿ ಒಂದು ಸಾಲು ನೆಟ್ಟರು. ಇಂದು ಆ ಸಾಲಿನಲ್ಲಿ ಒಂದು ಮರ ತಾಯಿಯಂತೆ, ಮತ್ತೊಂದು ಬರಿಗೈ. ಕಾಯಿಯ ಬಣ್ಣವೂ ಬೇರೆ ಬೇರೆ. “ಒಬ್ಬ ತಾಯಿಯ ಮಕ್ಕಳು ಹೀಗೇಕೆ?” ಎಂಬ ಅವರ ಪ್ರಶ್ನೆ, ನಮ್ಮ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನನ್ನು, ಕಲಾ ವಿದ್ಯಾರ್ಥಿಯಾದರೂ, ಜೀವಶಾಸ್ತ್ರದ ಕಪಾಟಿಗೆ ಕರೆದೊಯ್ದಿತು.

ಪ್ರತಿಯೊಂದು ಗುಣಕ್ಕೂ ಸಂತತಿಯು ತಾಯಿಯಿಂದ ಒಂದು, ತಂದೆಯಿಂದ ಒಂದು ಅಂಶವನ್ನು ಪಡೆಯುತ್ತದೆಂದು ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಪ್ರಯೋಗದಿಂದ ಕಂಡು 1866ರಲ್ಲಿ ಪ್ರಕಟಿಸಿದನು. ಈ ಲೆಕ್ಕವನ್ನು ಚೌಕದಲ್ಲಿ ಬರೆದು ತೋರಿಸಿದವನು ಕೇಂಬ್ರಿಜ್ಜಿನ ರೆಜಿನಾಲ್ಡ್ ಪನೆಟ್.

ನಮ್ಮ ಗೆಂದಾಳೆಯ ಬಣ್ಣದ ಕಿತ್ತಳೆ ಗಿಡ್ಡ ತಳಿಯನ್ನು ತಾಯಿಯಾಗಿಯೂ ಹಸಿರು ಎತ್ತರದ ತಳಿಯನ್ನು ತಂದೆಯಾಗಿಯೂ ತೆಗೆದುಕೊಳ್ಳೋಣ. ಹಸಿರು ಕೊಡುವ ಅಂಶ ‘ಹ’, ಅದಿಲ್ಲದ್ದು ‘ಅ’ ಎನ್ನೋಣ. ತಾಯಿ ‘ಅಅ’, ತಂದೆ ‘ಹಹ’. ಹುಟ್ಟುವ ಸಂಕರ ಸಸಿಗಳೆಲ್ಲ ‘ಹಅ’. ತಾಯಿಯ ಕೆಂಪೂ ತಂದೆಯ ಹಸಿರೂ ಕೂಡಿ ಅವುಗಳ ಎಲೆತೊಟ್ಟು ಕಂದಾಗಿ ಕಾಣುತ್ತದೆ. ತಾಯಿಗೆ ತನ್ನದೇ ಪರಾಗ ಸೋಕಿದ್ದರೆ ಸಸಿ ‘ಅಅ’, ತೊಟ್ಟು ಕಿತ್ತಳೆ. ಸಸ್ಯಕ್ಷೇತ್ರದಲ್ಲಿ ಕಿತ್ತಳೆ ತೊಟ್ಟಿನವನ್ನು ತೆಗೆದು ಕಂದು ತೊಟ್ಟಿನವನ್ನು ಉಳಿಸಿಕೊಳ್ಳುವ ಗುಟ್ಟು ಇದೇ.

ಈಗ ಆ ಸಂಕರ ಮರ ತನ್ನ ಪರಾಗದಿಂದಲೇ ಕಾಯಿಗಟ್ಟಿತೆನ್ನೋಣ. ಚೌಕದ ತಲೆಯ ಮೇಲೆ ಹ, ಅ. ಎಡಬದಿಗೆ ಹ, ಅ. ಒಳಗಿನ ನಾಲ್ಕು ಮನೆಗಳು:

ಹಹ | ಹಅ
ಅಹ | ಅಅ

ತಾಯಿಯಂತೆ ಎರಡೂ ಅಂಶವಿರುವವು ಎರಡೇ ಮನೆ; ಒಂದರಲ್ಲಿ ಹಸಿರೇ ಇಲ್ಲ. ನೆರೆಮರದ ಪರಾಗ ಬಿದ್ದರೆ ಚೌಕದ ಒಂದು ಬದಿ ಬದಲಾದೀತು, ಅಂಶಗಳು ಚೆದುರುವುದು ತಪ್ಪದು. ಇದು ಒಂದು ಬಣ್ಣದ ಅಂಶದ ಮಾತಾಯಿತು. ಇಳುವರಿಯೋ ಅನೇಕ ಅಂಶಗಳ ಕೂಟ, ನೀರು ಗೊಬ್ಬರಗಳ ಪಾಲೂ ಅದರಲ್ಲುಂಟು. ಅದಕ್ಕೆ ನಾಲ್ಕು ಮನೆ ಸಾಲದು. ಆದರೆ ಚೆದುರುವ ನಿಯಮ ಅಲ್ಲಿಯೂ ಒಂದೇ. ಆದ್ದರಿಂದ ಸಂಕರ ಮರದ ಕಾಯಿ ಸಂಕರ ಸಸಿಯಲ್ಲ; ಪ್ರತಿ ಸಾರಿಯೂ ಮೂಲ ತಾಯಿತಂದೆಗಳನ್ನೇ ಕೂಡಿಸಬೇಕು. 1932ರಲ್ಲಿ ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ಎತ್ತರ, ಗಿಡ್ಡ ತಳಿಗಳನ್ನು ಕೂಡಿಸಿದಂದಿನಿಂದ, 1916ರಲ್ಲಿ ಆರಂಭವಾದ ಕಾಸರಗೋಡಿನ ಸಂಶೋಧನಾ ಕೇಂದ್ರವೂ ಈ ಹಾದಿಯಲ್ಲಿ ನಡೆದಿದೆ.

ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕ ಬರೆದು ತೋರಿಸಿದೆ. ತಂದೆಯವರು ಕೇಳಿದರು: “ಹಾಗಾದರೆ ನಾಲ್ಕು ನೆಟ್ಟರೆ ಒಂದು ಕೆಂಪಾಗಲೇಬೇಕೋ?” ಇಲ್ಲ, ನಾಲ್ಕೂ ಹಸಿರಂಶದವೇ ಆಗಬಹುದು. ಚೌಕ ಹೇಳುವುದು ನೂರಾರು ಸಸಿಗಳ ಸರಾಸರಿಯನ್ನು, ಒಂದು ಸಸಿಯ ಹಣೆಬರಹವನ್ನಲ್ಲ. ಅವರು ನಕ್ಕು, “ಸರಿ, ನಮ್ಮ ಮನೆಯಲ್ಲಿ ಮೂರೂ ಹೆಣ್ಣಾದ ಮೇಲೆ ತಾನೇ ನೀನು ಹುಟ್ಟಿದ್ದು” ಎಂದರು.

ಬರದಲ್ಲಿ ಒಣಗಿದ ಮರಗಳ ಗುಂಡಿಗಳು ಇನ್ನೂ ಬರಿದಾಗಿವೆ. ಅವುಗಳಿಗೆಂದು ಎತ್ತಿಟ್ಟಿದ್ದ ಸಂಕರ ಮರದ ಕಾಯಿಗಳನ್ನು ಅವ್ವ ಮರುದಿನವೇ ಅಡುಗೆಮನೆಗೆ ಒಯ್ದಳು.