ಬಾಯಿಮಾತಿನ ಬೆಲೆ, ಪತ್ರದ ಬೆಲೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದ ನಮ್ಮ ಹಿರಿಯರು “ಮನೆ ಕೊಂಡು ನೋಡು” ಎಂಬ ಮಾತನ್ನು ಅದಕ್ಕೆ ಸೇರಿಸಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯ ಬಿದ್ದಿರಲಾರದು. ನನಗೆ ಮಾತ್ರ ಕಳೆದ ವರ್ಷ ಆ ಮಾತಿನ ಅರ್ಥ ಚೆನ್ನಾಗಿ ಮನದಟ್ಟಾಯಿತು.

ನನ್ನ ತಂಗಿ ಇರುವುದು ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ. ಅವಳಿಗೆ ಇಪ್ಪತ್ತು ಗುಂಟೆ ಗದ್ದೆಯುಂಟು. ಅದರಲ್ಲಿ ಬೆಳೆದ ಕಬ್ಬು ಊರಿನ ಸಕ್ಕರೆ ಕಾರ್ಖಾನೆಗೇ ಹೋಗುತ್ತದೆ. ಅವಳ ಮಗ, ಸೊಸೆ ಇಬ್ಬರೂ ಮೈಸೂರಿನಲ್ಲಿ ಸಂಬಳಕ್ಕಿದ್ದಾರೆ. ಬಾಡಿಗೆ ಮನೆ ಸಾಕಾಯಿತು, ಸ್ವಂತದ್ದೊಂದು ಬೇಕು ಎಂದು ಅವರು ಹೊರಟಾಗ, ಹಿರಿಯನೆಂದು ನನ್ನನ್ನೂ ಜೊತೆಗೆ ಕರೆದರು. ಸರಸ್ವತೀಪುರ, ಕುವೆಂಪುನಗರ, ವಿಜಯನಗರಗಳ ಬೀದಿಗಳನ್ನು ನಾವು ಹಲವು ಭಾನುವಾರ ಅಳೆದೆವು.

ಹಳ್ಳಿಯವರಿಗೆ ಅಲ್ಲಿ ಮೊದಲು ಎದುರಾಗುವುದು ಅಳತೆಯ ತೊಡಕು. ನಾವು ಗುಂಟೆಯಲ್ಲಿ ಎಣಿಸುವವರು. ಅವರದು ಚದರಡಿಯ ಲೆಕ್ಕ. ಮೂವತ್ತು-ನಲವತ್ತರ ನಿವೇಶನವೆಂದರೆ 1,200 ಚದರಡಿ. ಒಂದು ಗುಂಟೆ 1,089 ಚದರಡಿ. “ಒಂದು ಗುಂಟೆ ಮೇಲೆ ಚೂರು ಅನ್ನಣ್ಣ” ಎಂದು ತಂಗಿ ನಕ್ಕಳು. ಆದರೆ ಆ ನೆಲಕ್ಕೆ ಚದರಡಿಗೆ ನೂರು ರೂಪಾಯಿ ಏರಿತೆಂದರೆ, ಕೊಳ್ಳುವವನ ಮೇಲೆ 1,20,000 ರೂಪಾಯಿ ಬಿತ್ತೆಂದೇ ಅರ್ಥ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಈ ಬೀದಿಯಲ್ಲಿ ಈಚೆಗೆ ಮಾರಿದ ಮನೆ ಎಷ್ಟಕ್ಕೆ ಹೋಯಿತು? ದಲ್ಲಾಳಿ ಒಂದು ಮೊತ್ತ ಹೇಳಿದ. ನೆರೆಯವರು ಇನ್ನೊಂದು ಹೇಳಿದರು. ಸರ್ಕಾರದ ದಾಖಲೆಯನ್ನೇ ನೋಡೋಣವೆಂದು ಋಣಭಾರ ಪತ್ರ ತೆಗೆಸಿದೆವು. ನೋಂದಣಿಯಾದ ಕ್ರಯಗಳೆಲ್ಲ ತಾರೀಖು, ಮೊಬಲಗುಗಳೊಡನೆ ಅದರಲ್ಲಿ ಬರುತ್ತವೆ. ಅಲ್ಲಿದ್ದ ಮೊಬಲಗು ಬೀದಿಯ ಮಾತಿಗೆ ಬಹಳ ಕೆಳಗಿತ್ತು. ಸುಳ್ಳು ಹೇಳುತ್ತಿದ್ದುದು ಬೀದಿಯಲ್ಲ, ಕಾಗದ.

ಇದರ ಮರ್ಮ ಗಹನವಾದುದೇನೂ ಅಲ್ಲ. ಸರ್ಕಾರವು ಪ್ರತಿ ಪ್ರದೇಶಕ್ಕೂ ಒಂದು ಮಾರ್ಗಸೂಚಿ ಬೆಲೆಯನ್ನು ಗೊತ್ತುಮಾಡಿರುತ್ತದೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಅದನ್ನು ಪರಿಷ್ಕರಿಸಿದರು. ಮುದ್ರಾಂಕ ಶುಲ್ಕವನ್ನು ಆ ಬೆಲೆ ಮತ್ತು ಪತ್ರದ ಬೆಲೆಗಳಲ್ಲಿ ಹೆಚ್ಚಿನದರ ಮೇಲೆ ಕಟ್ಟಬೇಕು. ಪೇಟೆಯ ಬೆಲೆ ಮಾರ್ಗಸೂಚಿಯನ್ನು ದಾಟಿ ಓಡಿದ ಕಡೆ, ಪತ್ರದಲ್ಲಿ ಮಾರ್ಗಸೂಚಿಯಷ್ಟನ್ನೇ ಬರೆಸಿ ಉಳಿದುದನ್ನು ಚೀಲದಲ್ಲಿ ಪಡೆಯುವ ಪದ್ಧತಿ ಬೆಳೆದಿದೆ. ಇಂಥ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯಕೂಡದೆಂದು 2015ರಲ್ಲೇ ಕಾನೂನಾಯಿತು. ಚೀಲ ಮಾತ್ರ ಮಾಯವಾಗಿಲ್ಲ.

ನಮಗೆ ಒಪ್ಪಿಗೆಯಾದ ಮನೆಯ ಯಜಮಾನರೂ ಇದನ್ನೇ ಕೇಳಿದರು. ಅವರ ನಿಜವಾದ ಅಂಕಿಗಳನ್ನು ಬಿಟ್ಟು, ಲೆಕ್ಕ ಸುಲಭವಾಗಲೆಂದು ಹೀಗೆ ಇಟ್ಟುಕೊಳ್ಳೋಣ: ಬಾಯಿಮಾತಿನ ಬೆಲೆ 90 ಲಕ್ಷ, ಪತ್ರದ ಬೆಲೆ 60 ಲಕ್ಷ. “ನಿಮಗೂ ಲಾಭವೇ ಸ್ವಾಮಿ, ಶುಲ್ಕ ಉಳಿಯುತ್ತದೆ” ಎಂದ ದಲ್ಲಾಳಿ. ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತೆ. ನಗರದಲ್ಲಿ 45 ಲಕ್ಷಕ್ಕೆ ಮೇಲ್ಪಟ್ಟ ಮನೆಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಕರ ಸೇರಿ ಶೇಕಡ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿದೆ. ಒಟ್ಟು 7.6. ಮುಚ್ಚಿಟ್ಟ 30 ಲಕ್ಷದ ಮೇಲೆ ಉಳಿಯುವುದು 2,28,000 ರೂಪಾಯಿ. ಇದು ಸಣ್ಣ ಮೊತ್ತವಲ್ಲ; ಶುಲ್ಕ ಭಾರವೆಂಬ ದೂರೂ ಸುಳ್ಳಲ್ಲ.

ಆದರೆ ಬ್ಯಾಂಕು ಸಾಲ ಕೊಡುವುದು ಪತ್ರದ ಬೆಲೆಯನ್ನು ನೋಡಿ. 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಸಾಲವು ಬೆಲೆಯ ಶೇಕಡ 80ನ್ನು ಮೀರಕೂಡದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಿಜ ಬರೆಸಿದರೆ, ಸಂಬಳ ತಾಳುವುದಾದರೆ, 72 ಲಕ್ಷದವರೆಗೆ ಸಾಲ; ಕೈಯಿಂದ 18 ಲಕ್ಷ. ಸುಳ್ಳು ಬರೆಸಿದರೆ 48 ಲಕ್ಷ ಸಾಲ; ಕೈಯಿಂದ 42 ಲಕ್ಷ. ಎರಡು ಲಕ್ಷ ಚಿಲ್ಲರೆ ಉಳಿಸಹೋಗಿ ಇಪ್ಪತ್ತನಾಲ್ಕು ಲಕ್ಷವನ್ನು ಹೆಚ್ಚಾಗಿ ಹೊಂದಿಸಬೇಕು! ಮುಂದೆ ಅದೇ ಮನೆಯನ್ನು ಮಾರುವಾಗ, ಕೊಂಡದ್ದು 60ಕ್ಕೆ ಎಂದೇ ಲೆಕ್ಕವಾಗಿ, ಬಾರದ ಲಾಭಕ್ಕೂ ತೆರಿಗೆ ತೆರಬೇಕು. ಶುಲ್ಕ ಉಳಿಸಿದವನು ಮಾರಿದವನ ತೆರಿಗೆಯನ್ನು ತನ್ನ ತಲೆಗೆ ಕಟ್ಟಿಕೊಂಡಂತಾಯಿತು.

ಆ ಇಪ್ಪತ್ತನಾಲ್ಕು ಲಕ್ಷ ಎಲ್ಲಿಂದ ಬರಬೇಕು? ದಲ್ಲಾಳಿಗೆ ಅದೂ ಗೊತ್ತಿತ್ತು: “ಊರಲ್ಲಿ ಗದ್ದೆ ಇದೆಯಂತಲ್ಲ.”

ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ಅಲ್ಲ ಕಣಣ್ಣ, ಒಂದು ಗಾಡಿ ಕಬ್ಬು ತೂಗುದ್ರೂ ಚೀಟಿ ಕೊಡ್ತಾರೆ. ಇಷ್ಟು ದೊಡ್ಡ ಮನೆಗೆ ನಿಜವಾದ ಚೀಟಿ ಇಲ್ವ?”

ನನ್ನಲ್ಲಿ ಉತ್ತರವಿರಲಿಲ್ಲ. ಕಬ್ಬಿನ ಬೆಲೆ ಸಾಲದೆಂದು ನಮ್ಮ ಕಡೆಯ ರೈತರು ಕೂಗಾಡುವುದುಂಟು. ಆದರೂ ಆ ಬೆಲೆ ಬಚ್ಚಿಟ್ಟದ್ದಲ್ಲ. 2025-26ರ ಹಂಗಾಮಿಗೆ ಶೇಕಡ 10.25 ಇಳುವರಿಯ ಕಬ್ಬಿಗೆ ಕ್ವಿಂಟಾಲಿಗೆ 355 ರೂಪಾಯಿ ಎಂದು ಕೇಂದ್ರ ಸರ್ಕಾರ ಸಾರಿ ಹೇಳಿತು. ಬೆಲೆ ಗೊತ್ತಿದ್ದುದರಿಂದಲೇ ಅದು ಕಡಮೆಯೆಂದು ಜಗಳವಾಡಲು ಸಾಧ್ಯ. ಮನೆಯ ಬೆಲೆಯೊಡನೆ ಜಗಳವನ್ನಾದರೂ ಹೇಗೆ ಆಡುವುದು? ಅದು ಕತ್ತಲೆಯಲ್ಲಿರುವಷ್ಟು ದಿನವೂ ಗೆಲ್ಲುವವನು ಚೀಲವುಳ್ಳವನು. ಸಂಬಳ, ಸಾಲಗಳನ್ನೇ ನೆಚ್ಚಿದವನು ಬಾಗಿಲಲ್ಲೇ ಸೋಲುತ್ತಾನೆ.

ಅಳಿಯ ಮರುದಿನ ಹೋಗಿ, “ಒಂದೇ ಬೆಲೆ, ಪೂರ್ತಿ ಬ್ಯಾಂಕಿನ ಮೂಲಕ” ಎಂದು ತಿಳಿಸಿದ. ಯಜಮಾನರು ಒಪ್ಪಲಿಲ್ಲ. ಆ ಮನೆ ತಪ್ಪಿತು. ಸೊಸೆಗೆ ಅದರ ಅಂಗಳದ ನೆಲ್ಲಿಗಿಡ ಬಹಳ ಹಿಡಿಸಿತ್ತು. ನಾಲ್ಕು ದಿನ ಅವಳ ಮುಖದಲ್ಲಿ ನಗುವಿರಲಿಲ್ಲ. ಆರು ತಿಂಗಳಾದ ಮೇಲೆ ಊರಿನ ಅಂಚಿನಲ್ಲಿ, ಅದಕ್ಕಿಂತ ಸಣ್ಣದೊಂದು ಮನೆ ದೊರೆಯಿತು. ಬಸ್ಸಿಗೆ ಹತ್ತು ನಿಮಿಷ ನಡೆಯಬೇಕು; ನೆಲ್ಲಿಗಿಡವಿಲ್ಲ. ಮಾರಿದವರು ಕೊಟ್ಟ ಮಾತೂ ಬರೆಸಿದ ಪತ್ರವೂ ಒಂದೇ ಆಗಿದ್ದವು. ಮಾಕವಳ್ಳಿಯ ಗದ್ದೆ ತಂಗಿಯಲ್ಲೇ ಉಳಿಯಿತು.

ನಾಳೆ ಯಾರೋ ಅಪರಿಚಿತರು ಆ ಬೀದಿಯಲ್ಲಿ ಮನೆ ಹುಡುಕುತ್ತ ಬಂದು, ನಮ್ಮ ಹಾಗೆಯೇ ಋಣಭಾರ ಪತ್ರ ತೆಗೆಸಿಯಾರು. ಅದರಲ್ಲಿ ಒಂದು ಸಾಲಾದರೂ ನಿಜವಾಗಿರುತ್ತದೆ.